ಪರದೆಯ ಮೇಲಿನ ಮೋಟಾರು ನೆಲಕ್ಕೆ ತಾಗುತ್ತದೆಯೆ?

ಮೋಟಾರು ಪಂದ್ಯದ ವಿಡಿಯೋ ಆಟಗಳ ವಿಷಯದಲ್ಲಿ ಹಿರಿಯರಿಗೆ ಒಂದು ಅಭಿಪ್ರಾಯವುಂಟು, ಕಿರಿಯರಿಗೆ ಅದಕ್ಕೆ ವಿರುದ್ಧವಾದ ಇನ್ನೊಂದುಂಟು. ಅದು ಬರಿಯ ಕಾಲಹರಣ, ಕಣ್ಣಿಗೆ ಕೇಡು, ಪರೀಕ್ಷೆಗೆ ಶತ್ರು ಎಂಬುದು ಹಿರಿಯರ ಮತ. ಅದನ್ನು ಚೆನ್ನಾಗಿ ಆಡಬಲ್ಲವನಿಗೆ ಗಾಡಿ ನಡೆಸುವ ವಿದ್ಯೆ ಅರ್ಧ ಬಂದಂತೆಯೇ ಸರಿ ಎಂಬುದು ಕಿರಿಯರ ಮತ. ಇವೆರಡನ್ನೂ ನಾವು ಒಪ್ಪಲಾರೆವು. ಈ ಆಟಗಳ ಒಳಗೆ ನ್ಯೂಟನ್ನನ ಚಲನ ನಿಯಮಗಳನ್ನು ಲೆಕ್ಕ ಹಾಕುವ ಒಂದು ಯಂತ್ರವಿದೆ. ಆ ಯಂತ್ರ ಎಲ್ಲಿ ಸರಿಯಾಗಿ ಲೆಕ್ಕ ಹಾಕುತ್ತದೆ, ಎಲ್ಲಿ ಬೇಕೆಂದೇ ತಪ್ಪು ಲೆಕ್ಕ ಹಾಕುತ್ತದೆ ಎಂಬುದನ್ನು ಅರಿತು ಆಡುವವನಿಗೆ ಅದು ಒಳ್ಳೆಯ ಗುರು. ಅರಿಯದೆ ಆಡುವವನಿಗೆ ಅದು ಸುಳ್ಳನ್ನು ಬೆರಳುಗಳಿಗೆ ಅಭ್ಯಾಸ ಮಾಡಿಸುತ್ತದೆ. ಈ ಎರಡನೆಯ ಪಕ್ಷದವರೇ ಹೆಚ್ಚಾಗಿರುವುದರಿಂದ ಈ ಲೇಖನವನ್ನು ಬರೆಯಬೇಕಾಯಿತು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಕಡೆಯ ವಿದ್ಯಾರ್ಥಿಗಳಿಗೆ ಚಲನಶಾಸ್ತ್ರವನ್ನು ಬೋಧಿಸುವ ಕೆಲಸ ನಮ್ಮದು. ಅವರಲ್ಲಿ ಬಹುಮಂದಿ ಕೈಯಲ್ಲಿನ ಫೋನಿನಲ್ಲಿಯೇ ಈ ಆಟಗಳನ್ನು ಆಡುತ್ತಾರೆ. ಆಡಿದ ಮೇಲೆ ಅವುಗಳ ಗುಣದೋಷಗಳನ್ನು ತಮ್ಮತಮ್ಮಲ್ಲಿ ಬಹಳ ಹೊತ್ತು ಚರ್ಚಿಸುತ್ತಾರೆ. “ಈ ಆಟದಲ್ಲಿ ಕಾರು ಓಡುವುದಿಲ್ಲ, ತೇಲುತ್ತದೆ” ಎನ್ನುತ್ತಾನೆ ಒಬ್ಬನು. “ಎಷ್ಟು ತಿರುಗಿಸಿದರೂ ಮೂತಿ ಒಳಕ್ಕೆ ಬರುವುದಿಲ್ಲ” ಎಂದು ಮತ್ತೊಬ್ಬನ ದೂರು. ಹಿಂಭಾಗ ಎಮ್ಮೆಯ ಬಾಲದಂತೆ ಬೀಸುತ್ತದೆ ಎಂದು ಮೂರನೆಯವಳು ಹೇಳುತ್ತಾಳೆ. ವಾಡಿಯವನೊಬ್ಬನಂತೂ ತನ್ನ ಊರಿನ ಗುಣಕ್ಕೆ ತಕ್ಕಂತೆ, “ಇದು ಕಾರೇ ಅಲ್ಲ, ರೈಲು, ಹಳಿಯ ಮೇಲೆ ಹೋಗುತ್ತದೆ” ಎಂದು ತೀರ್ಪು ಕೊಟ್ಟನು. ಇಂಥ ಮಾತುಗಳನ್ನು ಅಧ್ಯಾಪಕರು ಹರಟೆಯೆಂದು ತಳ್ಳಿಹಾಕುವುದು ವಾಡಿಕೆ. ನಮಗೆ ಹಾಗೆ ತೋರುವುದಿಲ್ಲ. ಪಾಠದ ಕೊಠಡಿಯಲ್ಲಿ ಘರ್ಷಣೆಯ ನಿಯಮಗಳನ್ನು ಬಾಯಿಪಾಠ ಒಪ್ಪಿಸುವ ಇದೇ ಹುಡುಗರು ಇಲ್ಲಿ ಆ ನಿಯಮಗಳನ್ನು ಸ್ವತಃ ಗಮನಿಸಿ ಮಾತಾಡುತ್ತಿದ್ದಾರೆ. ಅವರ ಮಾತಿನಲ್ಲಿ ಇಲ್ಲದಿರುವುದು ಅಳತೆಯೊಂದೇ.

ಮೊದಲು ನಿಜವಾದ ಮೋಟಾರು ಕಾರನ್ನು ನೋಡೋಣ. ಒಂದು ಟನ್ನಿಗಿಂತಲೂ ಭಾರವಾದ ಆ ವಾಹನ ನೆಲವನ್ನು ಮುಟ್ಟುವುದು ನಾಲ್ಕೇ ಕಡೆಗಳಲ್ಲಿ; ಒಂದೊಂದು ಕಡೆಯಲ್ಲಿಯೂ ಹೆಚ್ಚು ಕಡಮೆ ಒಂದು ಅಂಗೈಯಷ್ಟು ಅಗಲ. ಎಂಜಿನ್ನಿನ ಶಕ್ತಿ, ಬ್ರೇಕಿನ ಬಲ, ಚುಕ್ಕಾಣಿಯ ಆಜ್ಞೆ, ಇವೆಲ್ಲವೂ ರಸ್ತೆಗೆ ಸಂದಾಯವಾಗಬೇಕಾದುದು ಈ ನಾಲ್ಕು ಅಂಗೈಗಳ ಮೂಲಕವೇ. ಟಯರಿಗೂ ರಸ್ತೆಗೂ ನಡುವಣ ಘರ್ಷಣಾಂಕ ಒಣ ಡಾಂಬರಿನ ಮೇಲೆ ಸುಮಾರು 0.7 ಎಂದು ಇಟ್ಟುಕೊಂಡರೆ, ಕಾರಿನ ತೂಕದ ಹತ್ತರಲ್ಲಿ ಏಳು ಪಾಲಿನಷ್ಟು ಬಲ ಮಾತ್ರ ಅಡ್ಡವಾಗಿ ದೊರೆಯುತ್ತದೆ. ಅದಕ್ಕಿಂತ ಹೆಚ್ಚನ್ನು ಯಾವ ಶೂರನೂ ಪಡೆಯಲಾರನು. 50 ಮೀಟರು ತ್ರಿಜ್ಯದ ತಿರುವಿನಲ್ಲಿ ಕಾರನ್ನು ವೃತ್ತದಲ್ಲಿ ಹಿಡಿದಿಡುವ ಕೇಂದ್ರಾಭಿಮುಖ ಬಲ ಈ ಘರ್ಷಣೆಯಿಂದಲೇ ಬರಬೇಕು. ಲೆಕ್ಕ ಹಾಕಿದರೆ ಅಲ್ಲಿನ ಮಿತಿವೇಗ ಘಂಟೆಗೆ ಸುಮಾರು 66 ಕಿಲೋಮೀಟರು ಬರುತ್ತದೆ. ಅದೇ ತಿರುವು ಒದ್ದೆಯಾಗಿ, ಧೂಳು ಕೂಡಿ, ಘರ್ಷಣಾಂಕ ಅರ್ಧಕ್ಕಿಳಿದರೆ ಮಿತಿವೇಗ ಘಂಟೆಗೆ 47 ಕಿಲೋಮೀಟರು. ಕಾರಿನ ತೂಕ ಈ ಲೆಕ್ಕದಲ್ಲಿ ಬರುವುದೇ ಇಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಇನ್ನೊಂದು ಸಂಗತಿ ಇದಕ್ಕಿಂತಲೂ ಮುಖ್ಯವಾದುದು. ಆ ಹತ್ತರಲ್ಲಿ ಏಳು ಪಾಲು ಒಂದೇ ಹುಂಡಿಯಲ್ಲಿರುವ ಹಣದಂತೆ. ಬ್ರೇಕಿಗೆ ಖರ್ಚು ಮಾಡಿದಷ್ಟು ತಿರುಗುವುದಕ್ಕೆ ಉಳಿಯುವುದಿಲ್ಲ. ತಿರುಗುವುದಕ್ಕೆ ಖರ್ಚು ಮಾಡಿದಷ್ಟು ಬ್ರೇಕಿಗೆ ಉಳಿಯುವುದಿಲ್ಲ. ಎರಡು ಬಲಗಳೂ ಒಂದಕ್ಕೊಂದು ಲಂಬವಾಗಿರುವುದರಿಂದ ಅವುಗಳ ಕೂಟ ಒಂದು ವೃತ್ತದೊಳಗೇ ಇರಬೇಕೆಂದು ವಾಹನ ತಜ್ಞರು ಚಿತ್ರ ಬರೆದು ತೋರಿಸುತ್ತಾರೆ; ಅದನ್ನು ಘರ್ಷಣ ವೃತ್ತವೆನ್ನಬಹುದು. ಪೂರ್ತಿ ಬ್ರೇಕು ಒತ್ತಿ, ಮುಂದಿನ ಗಾಲಿಗಳು ಬಿಗಿದು ನಿಂತು, ಆ ಸ್ಥಿತಿಯಲ್ಲಿ ಚುಕ್ಕಾಣಿಯನ್ನು ಎಷ್ಟು ತಿರುಗಿಸಿದರೂ ಕಾರು ನೇರವಾಗಿಯೇ ಜಾರುತ್ತದೆ. ಈಗ ನಮ್ಮ ಎರಡನೆಯ ವಿದ್ಯಾರ್ಥಿಯ ದೂರನ್ನು ನೆನೆಯಿರಿ: “ಎಷ್ಟು ತಿರುಗಿಸಿದರೂ ಮೂತಿ ಒಳಕ್ಕೆ ಬರುವುದಿಲ್ಲ.” ಅವನು ಯಾವಾಗ ತಿರುಗಿಸುತ್ತಿದ್ದನೆಂದು ವಿಚಾರಿಸಿದೆವು. ತಿರುವಿನ ನಡುವೆ, ಬ್ರೇಕಿನ ಗುಂಡಿಯನ್ನು ಒತ್ತಿಕೊಂಡೇ! ಎಂದರೆ ಅವನು ದೋಷವೆಂದು ಹಳಿದದ್ದು ಆ ಆಟದಲ್ಲಿದ್ದ ಸತ್ಯವನ್ನೇ. ವಾಡಿಯ ಹುಡುಗನು ‘ರೈಲು’ ಎಂದು ಕರೆದ ಆಟವನ್ನಾದರೋ ಉಳಿದವರೆಲ್ಲರೂ ‘ಹಿಡಿತ ಬಹಳ ಚೆನ್ನಾಗಿದೆ’ ಎಂದು ಹೊಗಳುತ್ತಿದ್ದರು. ಆಟಗಾರರ ಅಭಿಪ್ರಾಯಗಳಲ್ಲಿ ಇಂಥ ತಲೆಕೆಳಗು ಪದೇ ಪದೇ ಕಂಡುಬರುತ್ತದೆ. ಅತಿ ಹೆಚ್ಚು ಸುಳ್ಳು ಹೇಳುವ ಆಟಕ್ಕೆ ಅತಿ ಹೆಚ್ಚು ಪ್ರಶಂಸೆ.

ತಯಾರಕರು ಸುಳ್ಳನ್ನೇಕೆ ಹೇಳುತ್ತಾರೆ? ಬರಿಯ ವ್ಯಾಪಾರದ ಆಸೆಯಿಂದಲೇ ಎಂದರೆ ಅನ್ಯಾಯವಾದೀತು. ನಿಜವಾದ ಕಾರಿನಲ್ಲಿ ಕುಳಿತವನಿಗೆ ವೇಗೋತ್ಕರ್ಷದ ವರ್ತಮಾನ ಮೈಯೆಲ್ಲದರಿಂದ ಬರುತ್ತದೆ: ಬೆನ್ನು ಆಸನಕ್ಕೆ ಒತ್ತುತ್ತದೆ, ಕಿವಿಯೊಳಗಿನ ಸಮತೋಲದ ಅಂಗ ಎಚ್ಚರಿಸುತ್ತದೆ, ಚುಕ್ಕಾಣಿ ಹಗುರಾಗಿ ಕೈಗೆ ಜಾರಿಕೆಯ ಸೂಚನೆ ಕೊಡುತ್ತದೆ. ಫೋನು ಹಿಡಿದವನಿಗೆ ಕಣ್ಣೊಂದೇ ಗತಿ. ಬೆರಳ ಕೆಳಗಿರುವುದು ನುಣುಪಾದ ಗಾಜು. ಕಾರು ಜಾರಲಾರಂಭಿಸಿದುದು ಅವನಿಗೆ ತಿಳಿಯುವ ವೇಳೆಗೆ ಅದು ಹಿಮ್ಮುಖವಾಗಿ ನಿಂತಿರುತ್ತದೆ. ಆದಕಾರಣ ತಯಾರಕರು ಘರ್ಷಣೆಯನ್ನು ಕೊಂಚ ಹೆಚ್ಚಿಸುತ್ತಾರೆ, ವೇಗ ಹೆಚ್ಚಿದಂತೆ ಚುಕ್ಕಾಣಿಯ ತಿರುಗನ್ನು ಗುಟ್ಟಾಗಿ ಕಡಮೆ ಮಾಡುತ್ತಾರೆ, ಆಟಗಾರನಿಗೆ ತಿಳಿಯದಂತೆ ಬ್ರೇಕನ್ನೂ ಒತ್ತಿಕೊಡುತ್ತಾರೆ. ಊರುಗೋಲು ಕೊಡುವುದು ತಪ್ಪಲ್ಲ. ಊರುಗೋಲು ಕೊಟ್ಟಿದ್ದೇವೆಂದು ಹೇಳದಿರುವುದು ತಪ್ಪೆಂದು ನಾವು ಭಾವಿಸುತ್ತೇವೆ.

ಈ ವಿದ್ಯೆ ಬೆಳೆದು ಬಂದ ದಾರಿಯೂ ಸ್ವಾರಸ್ಯವಾದುದು. 1974ರಲ್ಲಿ ಅಮೆರಿಕದ ಅಟಾರಿ ಸಂಸ್ಥೆ ಗ್ರ್ಯಾನ್ ಟ್ರ್ಯಾಕ್ 10 ಎಂಬ ಆಟದ ಪೆಟ್ಟಿಗೆಯನ್ನು ಹೊರತಂದಿತು. ಅದಕ್ಕೆ ಚುಕ್ಕಾಣಿ ಇತ್ತು, ಗೇರು ಇತ್ತು, ಪಾದಕ್ಕೆ ಒತ್ತುಮಣೆಗಳಿದ್ದುವು. ಒಳಗೆ ಇಂದಿನ ಅರ್ಥದ ಕಂಪ್ಯೂಟರು ಇರಲೇ ಇಲ್ಲ, ಬರಿಯ ವಿದ್ಯುನ್ಮಂಡಲಗಳ ಜೋಡಣೆ ಮಾತ್ರ. 1982ರಲ್ಲಿ ಜಪಾನಿನ ನಾಮ್ಕೋ ಸಂಸ್ಥೆಯ ಪೋಲ್ ಪೊಸಿಷನ್ ಬಂದಿತು. ಅದರ ಪಂದ್ಯದ ಹಾದಿ ಫುಜಿ ಪರ್ವತದ ಬಳಿಯ ನಿಜವಾದ ಓಟದ ಹಾದಿಯನ್ನು ಹೋಲುತ್ತಿದ್ದಿತು. 1997ರಲ್ಲಿ ಕಜುನೊರಿ ಯಮಾವುಚಿ ಮತ್ತು ಸಂಗಡಿಗರು ತಯಾರಿಸಿದ ಗ್ರ್ಯಾನ್ ಟುರಿಸ್ಮೊ, ಅಂಗಡಿಯಲ್ಲಿ ದೊರೆಯುವ ಸಾಮಾನ್ಯ ಕಾರುಗಳ ನಡೆನುಡಿಗಳನ್ನೇ ಪರದೆಗೆ ತರಲು ಹೊರಟಿತು. ಆ ಹೊತ್ತಿಗೆ ಟಯರಿನ ವಿಜ್ಞಾನವೂ ಮುಂದುವರಿದಿದ್ದಿತು. ಹಾಲೆಂಡಿನ ಡೆಲ್ಫ್ಟ್ ನಗರದ ವಿಜ್ಞಾನಿ ಹಾನ್ಸ್ ಪಾಸೆಯ್ಕಾ 1980ರ ದಶಕದಲ್ಲಿ, ಟಯರು ನೋಡುವ ದಿಕ್ಕಿಗೂ ಅದು ಸಾಗುವ ದಿಕ್ಕಿಗೂ ನಡುವೆ ಇರುವ ಸಣ್ಣ ಕೋನಕ್ಕೆ ತಕ್ಕಂತೆ ಅಡ್ಡಬಲ ಹೇಗೆ ಏರಿ ಹೇಗೆ ಇಳಿಯುತ್ತದೆಂಬುದನ್ನು ಒಂದು ಸೂತ್ರದಲ್ಲಿ ಹಿಡಿದರು. ಅದಕ್ಕೆ ‘ಮಾಯಾಸೂತ್ರ’ವೆಂದೇ ಹೆಸರು. ಏಕೆಂದರೆ ಅದು ಮೂಲತತ್ತ್ವಗಳಿಂದ ಹುಟ್ಟಿದುದಲ್ಲ. ಅಳತೆಗಳಿಗೆ ಚೆನ್ನಾಗಿ ಹೊಂದುವುದೆಂಬುದೇ ಅದರ ಸಮರ್ಥನೆ. ಕೋನ ಕೆಲವೇ ಡಿಗ್ರಿಯಾಗುವವರೆಗೆ ಬಲ ಏರುತ್ತದೆ; ಶಿಖರವನ್ನು ಮುಟ್ಟಿ ಮತ್ತೆ ಇಳಿಯುತ್ತದೆ. ಪಠ್ಯಪುಸ್ತಕದ ಮರದ ತುಂಡಿನ ಘರ್ಷಣೆಯಲ್ಲಿ ಈ ಶಿಖರವಿಲ್ಲ. ‘ತೇಲುತ್ತದೆ’ ಎಂದು ಆಟಗಾರರು ದೂರುವ ಆಟಗಳಲ್ಲಿ ಬಹುಮಟ್ಟಿಗೆ ಕಾಣೆಯಾಗಿರುವುದು ಈ ಶಿಖರವೇ: ಹಿಡಿತ ಎಲ್ಲಿ ಮುಗಿಯಿತು, ಜಾರಿಕೆ ಎಲ್ಲಿ ಮೊದಲಾಯಿತು ಎಂಬ ಅಂಚು ಬೆರಳಿಗೆ ಸಿಕ್ಕುವುದಿಲ್ಲ.

ಲೆಕ್ಕದ ದೋಷಗಳು ಬೇರೆಯೇ ಒಂದು ಜಾತಿ. ಕಾರು ಗೋಡೆಯೊಳಗೆ ತೂರಿಹೋಯಿತು, ನಿಂತ ಕಾರು ತಾನಾಗಿ ನಡುಗಿ ಆಕಾಶಕ್ಕೆ ಹಾರಿತು ಎಂದು ಹುಡುಗರು ನಕ್ಕು ಹೇಳುವುದುಂಟು. ಇದಕ್ಕೆ ಕಾರಣ ಸುಲಭವಾದುದು. ಪ್ರಕೃತಿಯಲ್ಲಿ ಕಾಲ ಎಡೆಬಿಡದೆ ಹರಿಯುತ್ತದೆ. ಆಟದಲ್ಲಿ ಅದು ಕುಪ್ಪಳಿಸಿ ಸಾಗುತ್ತದೆ. ಸೆಕೆಂಡಿಗೆ 60 ಸಲ ಲೆಕ್ಕ ಹಾಕುವ ಆಟದಲ್ಲಿ ಘಂಟೆಗೆ 300 ಕಿಲೋಮೀಟರು ವೇಗದ ಕಾರು ಒಂದು ಲೆಕ್ಕದಿಂದ ಮುಂದಿನ ಲೆಕ್ಕಕ್ಕೆ ಹೆಚ್ಚು ಕಡಮೆ 1.4 ಮೀಟರು ದಾಟಿರುತ್ತದೆ. ಒಂದು ಲೆಕ್ಕದಲ್ಲಿ ಅದು ಬೇಲಿಯ ಈಚೆಗಿದ್ದು ಮುಂದಿನ ಲೆಕ್ಕದಲ್ಲಿ ಆಚೆಗಿದ್ದರೆ, ಡಿಕ್ಕಿ ಸಂಭವಿಸಿದ ಕ್ಷಣವೇ ಯಂತ್ರದ ಪಾಲಿಗೆ ಇಲ್ಲ. ಹೀಗೆ ಹೆಜ್ಜೆಹೆಜ್ಜೆಯಾಗಿ ಲೆಕ್ಕ ಹಾಕುವ ಪದ್ಧತಿಯ ಅತ್ಯಂತ ಸರಳ ರೂಪ 18ನೆಯ ಶತಮಾನದ ಗಣಿತಜ್ಞ ಆಯ್ಲರನದು. ಹೆಜ್ಜೆ ದೊಡ್ಡದಾದಷ್ಟೂ ತಪ್ಪು ದೊಡ್ಡದಾಗುತ್ತದೆಂಬುದೂ ಅಂದಿನಿಂದ ತಿಳಿದ ವಿಷಯವೇ. ಗಟ್ಟಿ ಸ್ಪ್ರಿಂಗುಗಳ ವಿಷಯದಲ್ಲಿ ಈ ತಪ್ಪು ತನ್ನನ್ನು ತಾನೇ ಬೆಳೆಸಿಕೊಂಡು, ಇಲ್ಲದ ಶಕ್ತಿಯನ್ನು ಸೃಷ್ಟಿಸುತ್ತದೆ. ನಿಂತ ಕಾರು ಆಕಾಶಕ್ಕೆ ಹಾರುವುದು ಆಗಲೇ.

ಇಂಥ ದೋಷಗಳ ಚಕ್ರವರ್ತಿಯೆಂದು ಹೆಸರಾದ ಆಟವೊಂದಿದೆ. 2003ರಲ್ಲಿ ಹೊರಬಂದ ಬಿಗ್ ರಿಗ್ಸ್ ಎಂಬ ಲಾರಿ ಪಂದ್ಯದ ಆಟವದು. ಅದರ ಲಾರಿ ಮನೆಗಳ ನಡುವೆ, ಸೇತುವೆಗಳ ನಡುವೆ ಹೊಗೆಯಂತೆ ತೂರಿಹೋಗುತ್ತಿದ್ದಿತು; ಕಡಿದಾದ ಗುಡ್ಡವನ್ನು ವೇಗ ಕುಂದದೆ ಏರುತ್ತಿದ್ದಿತು; ಎದುರಾಳಿಯ ಲಾರಿ ಹೊರಟ ಗೆರೆಯನ್ನು ಬಿಟ್ಟು ಕದಲುತ್ತಲೇ ಇರಲಿಲ್ಲ. ಎಲ್ಲಕ್ಕೂ ಮಿಗಿಲಾಗಿ, ಹಿಂದಕ್ಕೆ ಓಡಿಸಿದರೆ ಅದರ ವೇಗಕ್ಕೆ ಎಲ್ಲೆಯೇ ಇಲ್ಲ. ಒಂದರ ಮುಂದೆ ಮೂವತ್ತೇಳು ಸೊನ್ನೆಗಳನ್ನು ಬರೆದಷ್ಟು ಮೈಲಿಗಳ ವೇಗವನ್ನು ಅದರಲ್ಲಿ ಮುಟ್ಟಿದವರುಂಟು. ಬೆಳಕಿನ ವೇಗ ಘಂಟೆಗೆ 67 ಕೋಟಿ ಮೈಲಿ ಮಾತ್ರ! ಇಷ್ಟರ ಮೇಲೆ, ಗುಂಡಿಯಿಂದ ಬೆರಳನ್ನು ತೆಗೆದ ಕೂಡಲೇ ಆ ಲಾರಿ ಥಟ್ಟನೆ ನಿಂತುಬಿಡುತ್ತಿದ್ದಿತು. ಈ ಆಟವನ್ನು ಜನ ಹಾಸ್ಯ ಮಾಡಿಕೊಂಡು ಮರೆತರು. ಅದರಿಂದ ಯಾರಿಗೂ ಹಾನಿಯಾಗಲಿಲ್ಲ. ಸುಳ್ಳು ಅಷ್ಟು ದೊಡ್ಡದಾಗಿದ್ದಾಗ ಅದನ್ನು ಯಾರೂ ನಂಬುವುದಿಲ್ಲ. ನಮ್ಮ ಚಿಂತೆ ಇರುವುದು ಶೇಕಡ 50ರಷ್ಟು ಮಾತ್ರ ಸುಳ್ಳಾಗಿರುವ ಬ್ರೇಕುಗಳ ಬಗ್ಗೆ.

ಸರಳವಾದ ಆಟ ಕೀಳಾದುದು, ಚಿತ್ರ ಚೆನ್ನಾಗಿರುವ ಆಟ ಮೇಲಾದುದು ಎಂಬ ಭಾವನೆಯೂ ಸರಿಯಲ್ಲ. ಫಿನ್ಲೆಂಡಿನಲ್ಲಿ ತಯಾರಾಗಿ 2012ರಲ್ಲಿ ಬಂದ ಹಿಲ್ ಕ್ಲೈಂಬ್ ರೇಸಿಂಗ್ ಎಂಬ ಫೋನಿನ ಆಟವನ್ನು ನಮ್ಮ ಹಳ್ಳಿಗಳಲ್ಲಿ ಅರಿಯದ ಹುಡುಗರು ವಿರಳ. ಅದರ ಚಿತ್ರ ಮಕ್ಕಳ ಪುಸ್ತಕದ ಚಿತ್ರದಂತೆ ಚಪ್ಪಟೆ. ಗುಂಡಿಗಳು ಎರಡೇ. ಸಾರಥಿಯ ಹೆಸರು ನ್ಯೂಟನ್ ಬಿಲ್ (ಹೆಸರಿಟ್ಟವರು ವಿನೋದಪ್ರಿಯರಿರಬೇಕು). ಗಾಡಿ ಗುಡ್ಡದ ನೆತ್ತಿಯಿಂದ ಹಾರಿ ಗಾಳಿಯಲ್ಲಿರುವಾಗ ವೇಗದ ಗುಂಡಿಯನ್ನು ಒತ್ತಿದರೆ ಅದರ ಮೂತಿ ಮೇಲೇಳುತ್ತದೆ. ಬ್ರೇಕು ಒತ್ತಿದರೆ ಕೆಳಗಿಳಿಯುತ್ತದೆ. ಇದು ಮಾಯವಲ್ಲ. ಗಾಳಿಯಲ್ಲಿರುವ ಗಾಡಿಯ ಒಟ್ಟು ಕೋನೀಯ ಸಂವೇಗ ಬದಲಾಗುವಂತಿಲ್ಲ. ಗಾಲಿಗಳು ಒಂದು ಕಡೆಗೆ ಹೆಚ್ಚು ರಭಸದಿಂದ ಸುತ್ತತೊಡಗಿದರೆ ಉಳಿದ ಗಾಡಿ ಎದುರು ಕಡೆಗೆ ಸುತ್ತಲೇಬೇಕು. ಮಣ್ಣಿನ ದಿಬ್ಬಗಳ ಮೇಲೆ ಮೋಟಾರು ಸೈಕಲ್ ಹಾರಿಸುವ ಪಂದ್ಯಗಾರರು ಇದೇ ಉಪಾಯದಿಂದ ಗಾಳಿಯಲ್ಲಿ ತಮ್ಮ ಗಾಡಿಯನ್ನು ಸರಿಪಡಿಸಿಕೊಳ್ಳುತ್ತಾರೆ. ಆಟದಲ್ಲಿ ಅದರ ಪ್ರಮಾಣವನ್ನು ಹಿಗ್ಗಿಸಿದ್ದಾರೆ, ಆದರೆ ದಿಕ್ಕನ್ನು ತಪ್ಪಿಸಿಲ್ಲ. ಚಂದ್ರನ ಮೇಲಿನ ಹಾದಿಯೂ ಅದರಲ್ಲಿದೆ. ಅಲ್ಲಿ ಗಾಡಿ ಬೀಳಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಿದ ವಿದ್ಯಾರ್ಥಿಗೆ ಗುರುತ್ವವನ್ನು ಕುರಿತು ಒಂದು ಘಂಟೆಯ ಉಪನ್ಯಾಸ ಉಳಿಯುತ್ತದೆ. ಹೊಳೆಯುವ ಕಾರುಗಳನ್ನೂ ಮಿನುಗುವ ನಗರಗಳನ್ನೂ ತೋರಿಸುವ ಎಷ್ಟೋ ಆಟಗಳಿಗಿಂತ ಇದು ಪ್ರಾಮಾಣಿಕವೆಂದು ನಾವು ಹೇಳುತ್ತೇವೆ.

ಆ ಹೊಳೆಯುವ ಆಟಗಳಲ್ಲಿ ಮತ್ತೊಂದು ವಂಚನೆಯುಂಟು. ನೀವು ಎಷ್ಟೇ ಮುಂದೆ ಹೋದರೂ ಹಿಂದಿನ ಕಾರು ಬೆನ್ನುಬಿಡುವುದಿಲ್ಲ. ನೀವು ಹಿಂದೆ ಬಿದ್ದರೆ ಮುಂದಿನವನು ಕಾಯುತ್ತಾನೆ. ಕಾರುಗಳನ್ನೆಲ್ಲ ರಬ್ಬರು ಪಟ್ಟಿಯಿಂದ ಕಟ್ಟಿದಂತೆ. ನಿಮಗೆ ಒಂದು ಭೌತಶಾಸ್ತ್ರ, ಎದುರಾಳಿಗೆ ಇನ್ನೊಂದು. ಸ್ವಾರಸ್ಯ ಉಳಿಸುವುದಕ್ಕಾಗಿ ಹೀಗೆ ಮಾಡುತ್ತಾರಂತೆ. ಇರಲಿ.

ಆಟದ ದೋಷವು ಆಟದಲ್ಲಿಯೇ ಉಳಿಯುತ್ತದೆಂದು ತಿಳಿದವರಿಗೆ ಅಮೆರಿಕದಲ್ಲಿ ನಡೆದ ಒಂದು ಪ್ರಸಂಗವನ್ನು ಹೇಳಬೇಕು. ಆಟಗಾರರಿಗೆ ಪರಿಚಿತವಾದ ಒಂದು ಉಪಾಯವಿದೆ: ತಿರುವಿನಲ್ಲಿ ಬ್ರೇಕು ಹಾಕುವ ಬದಲು ಹೊರಗಿನ ಗೋಡೆಗೆ ಕಾರನ್ನು ಒರಗಿಸಿ, ಗೋಡೆಯುದ್ದಕ್ಕೂ ಉಜ್ಜುತ್ತ ಪೂರ್ಣ ವೇಗದಲ್ಲಿ ಹೋಗುವುದು. 2022ರ ಅಕ್ಟೋಬರ್ 30ರಂದು ವರ್ಜೀನಿಯಾ ಸಂಸ್ಥಾನದ ಮಾರ್ಟಿನ್ಸ್‌ವಿಲ್ ಪಂದ್ಯದ ಕೊನೆಯ ಸುತ್ತಿನಲ್ಲಿ ರಾಸ್ ಚಾಸ್ಟೇನ್ ಎಂಬ ಸಾರಥಿ ನಿಜವಾದ ಕಾರಿನಲ್ಲಿ, ನಿಜವಾದ ಗೋಡೆಗೆ ಒರಗಿಸಿ ಇದನ್ನೇ ಮಾಡಿದನು. ಐದು ಕಾರುಗಳನ್ನು ದಾಟಿ ಐದನೆಯವನಾಗಿ ಗುರಿ ಮುಟ್ಟಿದನು. ಅರ್ಧ ಮೈಲಿಗಿಂತ ಸ್ವಲ್ಪ ಹೆಚ್ಚಿನ ಆ ಸುತ್ತಿಗೆ ಹಿಡಿದ ಕಾಲ 18.845 ಸೆಕೆಂಡು, ಎಂದರೆ ಸರಾಸರಿ ವೇಗ ಘಂಟೆಗೆ 160 ಕಿಲೋಮೀಟರಿಗಿಂತ ಹೆಚ್ಚು. ಈ ಉಪಾಯ ಎಲ್ಲಿಂದ ಬಂದಿತೆಂದು ಕೇಳಿದಾಗ, ಚಿಕ್ಕಂದಿನಲ್ಲಿ ಆಡುತ್ತಿದ್ದ ನಾಸ್ಕಾರ್ 2005 ಎಂಬ ವಿಡಿಯೋ ಆಟದಿಂದ ಎಂದು ಅವನು ಹೇಳಿದನು. ಮುಂದಿನ ವರ್ಷದ ಪಂದ್ಯಗಳು ಮೊದಲಾಗುವ ಮುನ್ನವೇ, ಇನ್ನು ಹೀಗೆ ಮಾಡಿದವರಿಗೆ ಸುರಕ್ಷತೆಯ ನಿಯಮದಂತೆ ದಂಡ ವಿಧಿಸುವುದಾಗಿ ಪಂದ್ಯದ ಅಧಿಕಾರಿಗಳು ಸಾರಿದರು.

ಇದನ್ನು ಸೂಕ್ಷ್ಮವಾಗಿ ನೋಡಿದರೆ ಆಟದ ಬಲದ ಲೆಕ್ಕ ತಪ್ಪಾಗಿರಲಿಲ್ಲ. ಟಯರಿನ ಘರ್ಷಣೆ ಕೊಡಲಾರದ ಕೇಂದ್ರಾಭಿಮುಖ ಬಲವನ್ನು ಗೋಡೆಯ ಪ್ರತಿಬಲ ಕೊಟ್ಟಿತು. ಆದುದರಿಂದಲೇ ಮಿತಿವೇಗದ ಸೂತ್ರ ಅಲ್ಲಿಗೆ ಅನ್ವಯಿಸಲಿಲ್ಲ. ಆಟದಲ್ಲಿ ತಪ್ಪಿದ್ದುದು ಬೆಲೆಯ ಲೆಕ್ಕ. ಪರದೆಯ ಮೇಲೆ ಗೋಡೆಗೆ ಉಜ್ಜಿದ ಕಾರು ಮುಂದಿನ ಪಂದ್ಯಕ್ಕೆ ಹೊಸದಾಗಿ ಬರುತ್ತದೆ. ಮಾರ್ಟಿನ್ಸ್‌ವಿಲ್‌ನಲ್ಲಿ ಕಾರಿನ ಬಲಪಕ್ಕೆ ಜಜ್ಜಿಹೋಯಿತು. ಗೋಡೆಯಲ್ಲಿ ಒಂದು ಸಂದು ಇದ್ದಿದ್ದರೆ ಸಾರಥಿ ಉಳಿಯುತ್ತಿರಲಿಲ್ಲ. ನಮ್ಮ ನಾಡಿನವರೇ ಆದ ಬೆಂಗಳೂರಿನ ಸಿ. ಎಸ್. ಸಂತೋಷ್, 2015ರಲ್ಲಿ ಡಕಾರ್ ರ‍್ಯಾಲಿಯನ್ನು ಮೋಟಾರು ಸೈಕಲ್ ಮೇಲೆ ಪೂರೈಸಿದ ಮೊದಲ ಭಾರತೀಯರು. ವರ್ಷಗಟ್ಟಲೆ ಅಭ್ಯಾಸ, ಎದೆಗೂ ಬೆನ್ನಿಗೂ ಕವಚ, ತಲೆಗೆ ಉತ್ತಮ ಶಿರಸ್ತ್ರಾಣ ಎಲ್ಲವೂ ಇದ್ದಾಗ್ಯೂ 2021ರ ಜನವರಿಯಲ್ಲಿ ಸೌದಿ ಅರೇಬಿಯದ ಜಲ್ಲಿನೆಲದಲ್ಲಿ ಬಿದ್ದು, ರಿಯಾಧದ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ದಿನಗಳನ್ನು ಕಳೆದರು. ಫೋನಿನಲ್ಲಿ ಬಿದ್ದವನು ಎರಡು ಸೆಕೆಂಡಿನೊಳಗೆ ಅದೇ ಹಾದಿಯ ಮೇಲೆ ನೆಟ್ಟಗೆ ನಿಂತಿರುತ್ತಾನೆ.

ಈಗ ನಮ್ಮ ರಸ್ತೆಗಳಿಗೆ ಬರೋಣ. ನಾಲವಾರದಿಂದ ಭೀಮಾ ನದಿಯ ದಡದ ಸನ್ನತಿಗೆ ಹೋಗುವ ಹಾದಿಯನ್ನು ತೆಗೆದುಕೊಳ್ಳಿ. ಚಂದ್ರಲಾಂಬಾ ದೇವಿಯ ಭಕ್ತರೂ, ಅಶೋಕನ ಶಾಸನವನ್ನೂ ಕನಗನಹಳ್ಳಿಯ ಸ್ತೂಪವನ್ನೂ ನೋಡಬೇಕೆಂಬ ವಿದ್ಯಾರ್ಥಿಗಳೂ ಬೈಕಿನ ಮೇಲೆ ಹೋಗುವ ಹಾದಿಯದು. ಎರಡು ಕಡೆಯೂ ಎರೆಯ ಹೊಲ. ಮಳೆಗಾಲದಲ್ಲಿ ಹೊಲದಿಂದ ಹೊರಬಿದ್ದ ಟ್ರಾಕ್ಟರು ಗಾಲಿಗೆ ಮೆತ್ತಿದ ಕರಿಮಣ್ಣನ್ನು ಡಾಂಬರಿನ ಮೇಲೆ ಮುದ್ದೆ ಮುದ್ದೆಯಾಗಿ ಬಿಟ್ಟು ಹೋಗುತ್ತದೆ. ಅದರ ಮೇಲೆ ಹನಿ ಬಿದ್ದರೆ ಬೆಣ್ಣೆ. ಸುಗ್ಗಿಯಲ್ಲಿ ರೈತರು ತೊಗರಿಯ ಕಟ್ಟನ್ನೋ ಜೋಳದ ತೆನೆಯನ್ನೋ ವಾಹನಗಳು ತುಳಿಯಲೆಂದು ರಸ್ತೆಯ ಮೇಲೆಯೇ ಹರಡುವುದುಂಟು. ಆಗ ಟಯರಿಗೂ ಡಾಂಬರಿಗೂ ನಡುವೆ ಉರುಳುವ ಕಾಳುಗಳು, ಜಾರುವ ದಂಟುಗಳು. ಶಹಾಬಾದ, ವಾಡಿ, ಸೇಡಂಗಳ ಸುತ್ತ ಸುಣ್ಣಕಲ್ಲು ಮತ್ತು ಸಿಮೆಂಟಿನ ನುಣ್ಣನೆಯ ಧೂಳು. ಚಿಂಚೋಳಿಯಿಂದ ಕುಂಚಾವರಂ ಕಡೆಯ ಗುಡ್ಡಗಾಡಿನ ತಿರುವುಗಳಲ್ಲಿ ಒಣಗಿದ ಎಲೆ. ಒಂದೇ ಹರದಾರಿಯೊಳಗೆ ಘರ್ಷಣಾಂಕ ಹತ್ತು ಸಲ ಬದಲಾಗುತ್ತದೆ. ನಮ್ಮ ಹುಡುಗರು ಆಡುವ ಆಟಗಳಲ್ಲಿ ರಸ್ತೆಯ ಮೈ ಮೊದಲಿನಿಂದ ಕೊನೆಯವರೆಗೆ ಒಂದೇ.

ಘಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುತ್ತಿರುವವನು ಒಣ ಡಾಂಬರಿನ ಮೇಲೆ ಬ್ರೇಕು ಹಾಕಿದರೆ ನಿಲ್ಲಲು ಸುಮಾರು 20 ಮೀಟರು ಬೇಕು. ಘರ್ಷಣಾಂಕ ಅರ್ಧವಾದಾಗ 40 ಮೀಟರು. ಅಡ್ಡ ಬಂದುದನ್ನು ಕಂಡು ಬ್ರೇಕಿಗೆ ಕೈ ಹೋಗುವಷ್ಟರಲ್ಲಿ ಒಂದು ಸೆಕೆಂಡು ಕಳೆದರೆ, ಇದಕ್ಕೆ ಮುನ್ನವೇ ಬೇರೆ 17 ಮೀಟರು ಕಳೆದಿರುತ್ತದೆ. ವೇಗ 90ಕ್ಕೆ ಏರಿದರೆ ಒದ್ದೆ ಹಾದಿಯಲ್ಲಿ ಬ್ರೇಕಿನ ದೂರವೇ 90 ಮೀಟರು ದಾಟುತ್ತದೆ. ವೇಗ ಒಂದೂವರೆ ಪಟ್ಟಾದರೆ ದೂರ ಎರಡೂಕಾಲು ಪಟ್ಟು. ಬೈಕಿಗೆ ನೆಲದ ಮೇಲೆ ನಾಲ್ಕು ಅಂಗೈಗಳೂ ಇಲ್ಲ, ಎರಡೇ. ಅವೂ ಇನ್ನಷ್ಟು ಕಿರಿದು. ಮುಂದಿನ ಗಾಲಿ ಬಿಗಿದು ಜಾರಿದರೆ ಸಮತೋಲವೇ ಹೋಗುತ್ತದೆ. ಆದರೂ ಫೋನಿನ ಬೈಕಿನ ಆಟಗಳಲ್ಲಿ ಸಾಮಾನ್ಯವಾಗಿ ಮುಂದಿನ ಬ್ರೇಕೂ ಹಿಂದಿನ ಬ್ರೇಕೂ ಕೂಡಿ ಒಂದೇ ಗುಂಡಿ! 2022ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ ಎಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ಎರಡು ಗಾಲಿಯ ವಾಹನದವರು. ಇದಕ್ಕೆ ವಿಡಿಯೋ ಆಟಗಳು ಕಾರಣವೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಲು ಆಧಾರವಿಲ್ಲ. ಆದರೆ ಬ್ರೇಕು ಎಲ್ಲಿ ಹಾಕಬೇಕೆಂಬ ಅಂದಾಜು ಅಭ್ಯಾಸದಿಂದ ಬರುವಂಥದು. ಆ ಅಭ್ಯಾಸವನ್ನು ದಿನಕ್ಕೆ ಎರಡು ಘಂಟೆ ತಪ್ಪು ಘರ್ಷಣಾಂಕದ ಮೇಲೆ ಮಾಡಿದವನು, ಸಂಜೆ ಅಣ್ಣನ ಬೈಕನ್ನು ತೆಗೆದುಕೊಂಡು ತೊಗರಿಯ ದಂಟಿನ ಮೇಲೆ ಹೋಗುತ್ತಾನೆ ಎಂಬುದು ನಮ್ಮನ್ನು ಕಾಡುತ್ತದೆ.

ಇದಕ್ಕೆ ಪ್ರತಿಯಾಗಿ ಹುಡುಗರು ಒಂದು ಉದಾಹರಣೆಯನ್ನು ಮುಂದಿಡುತ್ತಾರೆ. 2008ರಲ್ಲಿ ಆರಂಭವಾದ ಜಿಟಿ ಅಕಾಡೆಮಿ ಎಂಬ ಸ್ಪರ್ಧೆಯಲ್ಲಿ ಗ್ರ್ಯಾನ್ ಟುರಿಸ್ಮೊ ಆಟದ ಉತ್ತಮ ಆಟಗಾರರನ್ನು ಆರಿಸಿ ನಿಜವಾದ ಪಂದ್ಯಗಾರರನ್ನಾಗಿ ಮಾಡಲಿಲ್ಲವೆ? ಅದರ ಮೊದಲ ವಿಜೇತ ಸ್ಪೇನಿನ ಲೂಕಾಸ್ ಒರ್ದೋನೆಜ್, 2011ರ ವಿಜೇತ ಬ್ರಿಟನ್ನಿನ ಜಾನ್ ಮಾರ್ಡನ್‌ಬರೋ ಇಬ್ಬರೂ ಮುಂದೆ ಫ್ರಾನ್ಸಿನ ಪ್ರಸಿದ್ಧ ಲ ಮಾನ್ ಪಂದ್ಯದಲ್ಲಿ ಓಡಲಿಲ್ಲವೆ? ಓಡಿದರು, ನಿಜ. ಆದರೆ ಆ ಉದಾಹರಣೆ ನಮ್ಮ ಪಕ್ಷವನ್ನೇ ಬಲಪಡಿಸುತ್ತದೆ. ಅವರು ಆಡಿದುದು ಟಯರಿನ ಲೆಕ್ಕದಲ್ಲಿ ಶ್ರಮಪಟ್ಟ ಆಟವನ್ನು. ಹಿಡಿದುದು ಫೋನನ್ನಲ್ಲ, ಚುಕ್ಕಾಣಿ ಮತ್ತು ಒತ್ತುಮಣೆಗಳನ್ನು. ಗೆದ್ದ ಕೂಡಲೇ ಅವರನ್ನು ಪಂದ್ಯಕ್ಕೆ ನೂಕಲಿಲ್ಲ. ನಿಜವಾದ ಕಾರಿನಲ್ಲಿ ಶಿಕ್ಷಕರ ಕೈಕೆಳಗೆ ತರಬೇತಿ ಕೊಟ್ಟ ಮೇಲೆಯೇ ಇಳಿಸಿದರು.

ಆದುದರಿಂದ ತಂದೆತಾಯಿಗಳು ಫೋನನ್ನು ಕಿತ್ತುಕೊಳ್ಳಬೇಕೆಂದು ನಾವು ಕೇಳುವುದಿಲ್ಲ. ತಯಾರಕರಿಂದ ನಾವು ಕೇಳುವುದು ಇಷ್ಟು: ಔಷಧದ ಸೀಸೆಯ ಮೇಲೆ ಒಳಗಿರುವುದೇನೆಂದು ಬರೆಯುವಂತೆ, ಆಟದ ಘರ್ಷಣಾಂಕವೆಷ್ಟು, ಯಾವ ಯಾವ ಗುಟ್ಟಿನ ನೆರವುಗಳಿವೆ ಎಂಬುದನ್ನು ಆಟದೊಳಗೇ ಒಂದು ಪುಟದಲ್ಲಿ ಬರೆಯಲಿ. ನಮ್ಮ ಕಾಲೇಜುಗಳಿಂದ ಕೇಳುವುದೂ ಒಂದಿದೆ. ಜಾರುಹಲಗೆಯ ಮೇಲೆ ಮರದ ತುಂಡನ್ನು ಎಳೆದು ಘರ್ಷಣಾಂಕವನ್ನು ಕಂಡುಹಿಡಿಯುವ ಹಳೆಯ ಪ್ರಯೋಗದ ಪಕ್ಕದಲ್ಲಿ ಈ ಆಟಕ್ಕೂ ಒಂದು ಸ್ಥಳ ಕೊಡಬೇಕು.

ಪ್ರಯೋಗ ಕಷ್ಟವಾದುದಲ್ಲ. ಆಟದ ಕಾರನ್ನು ಸಮತಟ್ಟಾದ ನೇರ ಹಾದಿಯಲ್ಲಿ ಘಂಟೆಗೆ 100 ಕಿಲೋಮೀಟರು ವೇಗಕ್ಕೆ ತನ್ನಿ. ಬ್ರೇಕು ಪೂರ್ತಿ ಒತ್ತಿ. ನಿಲ್ಲಲು ಹಿಡಿದ ಕಾಲವನ್ನು ಸಂಗಡಿಗನು ಗಡಿಯಾರದಿಂದ ಅಳೆಯಲಿ. ಐದಾರು ಸಲ ಅಳೆದು ಸರಾಸರಿ ತೆಗೆಯಿರಿ. ಸೆಕೆಂಡಿಗೆ 27.8 ಮೀಟರು ಎಂಬ ವೇಗವನ್ನು ಆ ಕಾಲದಿಂದಲೂ 9.8ರಿಂದಲೂ ಭಾಗಿಸಿದರೆ ಆಟದ ಘರ್ಷಣಾಂಕ ಕೈಗೆ ಬಂದಿತು. ಒಳ್ಳೆಯ ಸಾಮಾನ್ಯ ಕಾರು ಒಣ ರಸ್ತೆಯಲ್ಲಿ ಹೀಗೆ ನಿಲ್ಲಲು ಸುಮಾರು 3 ಸೆಕೆಂಡು ತೆಗೆದುಕೊಳ್ಳುತ್ತದೆ. ನಿಮ್ಮ ಆಟದ ಕಾರು ಒಂದೂವರೆ ಸೆಕೆಂಡಿನಲ್ಲಿ ನಿಂತರೆ ಅದರ ಘರ್ಷಣಾಂಕ 1.9, ಅಂಥ ಟಯರು ಊರಿನ ಯಾವ ಅಂಗಡಿಯಲ್ಲಿಯೂ ದೊರೆಯುವುದಿಲ್ಲ.

ಹೋಲಿಕೆಗೆ ನಮ್ಮ ನೆಲದ ಅಳತೆಯೂ ಬೇಕು. ಮನೆಯ ಅಂಗಳದಲ್ಲಿ ಬಿದ್ದಿರುವ ಒಂದು ಶಹಾಬಾದ ಕಲ್ಲಿನ ಹಾಸನ್ನೂ, ಹಳೆಯ ಟಯರಿನಿಂದ ಅಂಗೈಯಷ್ಟು ಕತ್ತರಿಸಿದ ತುಂಡನ್ನೂ ತನ್ನಿ. ತುಂಡಿನ ಮೇಲೆ ತೂಕವಿಟ್ಟು, ಕಲ್ಲಿನ ಒಂದು ಅಂಚನ್ನು ನಿಧಾನವಾಗಿ ಎತ್ತಿ. ತುಂಡು ಜಾರತೊಡಗಿದ ಕೋನದ ಟ್ಯಾಂಜೆಂಟೇ ಘರ್ಷಣಾಂಕ: 35 ಡಿಗ್ರಿಯಾದರೆ 0.7, ಸುಮಾರು 19 ಡಿಗ್ರಿಯಾದರೆ 0.35. ಒಮ್ಮೆ ಒಣ ಕಲ್ಲಿನ ಮೇಲೆ, ಒಮ್ಮೆ ನೀರು ಚಿಮುಕಿಸಿ, ಒಮ್ಮೆ ಸಿಮೆಂಟಿನ ಧೂಳು ಉದುರಿಸಿ, ಒಮ್ಮೆ ಎರೆಮಣ್ಣಿನ ತೆಳುವಾದ ಕೆಸರು ಬಳಿದು ಅಳೆಯಿರಿ. ತೊಗರಿಯ ಕಾಳುಗಳನ್ನು ಹರಡಿ ಅಳೆಯುವವರು ಅಂಚನ್ನು ಬಹಳ ಮೆಲ್ಲಗೆ ಎತ್ತಬೇಕು. ಕೋನಮಾಪಕವನ್ನು ಓದುವುದಕ್ಕೆ ಮೊದಲೇ ತುಂಡು ಕೆಳಗೆ ಬಂದಿರುತ್ತದೆ.